ದಿನಾ ಸಿಲ್ಕ್ ಬೋರ್ಡ್ ದಾಟುವವರು ಯಾವ ಕಾರು ತಗೋಬೇಕು: ಆಟೋಮ್ಯಾಟಿಕ್ಕಾ, ಮ್ಯಾನ್ಯುಯಲ್ಲಾ?

ನಿಮ್ಮ ಪ್ರಶ್ನೆ ಓದಿದ ತಕ್ಷಣ ಬರೆಯಲು ಕೂತೆ. ಬನಶಂಕರಿಯಿಂದ ಬೆಳ್ಳಂದೂರಿಗೆ ದಿನಾ ಓಡಾಟ. 10 ಲಕ್ಷದ ಆಸುಪಾಸಿನಲ್ಲಿ ಕಾರು. ವರ್ಷಕ್ಕೆ ಮೂರ್ನಾಲ್ಕು ಸಲ ಶಿರಾಡಿ ಘಾಟಿ ಇಳಿದು ಊರಿಗೆ ಹೋಗಬೇಕು. ಹೆಂಡತಿ ಹತ್ತಿರ ಲೈಸೆನ್ಸ್ ಇದೆ, ಓಡಿಸುವುದಿಲ್ಲ. ಆಟೋಮ್ಯಾಟಿಕ್ ಮೈಲೇಜ್ ಕೊಡಲ್ಲ, ಘಾಟಿ ಹತ್ತಲ್ಲ, ಅದನ್ನೇ ಓಡಿಸಿದರೆ ಡ್ರೈವಿಂಗೇ ಮರೆತು ಹೋಗುತ್ತೆ ಅಂತ ಅಪ್ಪ ಹೇಳುತ್ತಾರೆ. ಇಷ್ಟು ನೀವು ಬರೆದಿದ್ದೀರಿ.

2021ರಲ್ಲಿ ನಮ್ಮ ಮನೆಯಲ್ಲೂ ಇದೇ ಮಾತುಕತೆ ನಡೆದಿತ್ತು. ಲೈಸೆನ್ಸ್ ಇಟ್ಟುಕೊಂಡೂ ಕಾರು ಮುಟ್ಟದೆ ಇದ್ದವಳು ನಾನೇ. ಅದಕ್ಕೇ ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ: ಆಟೋಮ್ಯಾಟಿಕ್ ತಗೊಳ್ಳಿ. ಆದರೆ ಆಟೋಮ್ಯಾಟಿಕ್ ಅಂದರೆ ಒಂದೇ ತರಹದ್ದಲ್ಲ. ಯಾವುದನ್ನು ತಗೋಬೇಕು ಅನ್ನುವುದಕ್ಕೆ ಸ್ವಲ್ಪ ಜಾಸ್ತಿ ತಲೆ ಕೆಡಿಸಿಕೊಳ್ಳಿ.

ನಮ್ಮ ಹಳೇ ಕಾರು ಮ್ಯಾನ್ಯುಯಲ್. ಒಂಬತ್ತು ವರ್ಷ ನಮ್ಮನೆಯವರು ಅದನ್ನೇ ಓಡಿಸಿದರು. ಒಂದು ಸಂಜೆ ಜಯದೇವದಿಂದ ಸಿಲ್ಕ್ ಬೋರ್ಡ್ ಕಡೆ ಹೋಗುವಾಗ ಕ್ಲಚ್ ಎಷ್ಟು ಸಲ ಒತ್ತುತ್ತಾರೆ ಅಂತ ಪಕ್ಕದಲ್ಲಿ ಕೂತು ಎಣಿಸಿದೆ. ನೂರಾ ಹತ್ತು ದಾಟಿದ ಮೇಲೆ ಎಣಿಸುವುದನ್ನು ಬಿಟ್ಟೆ, ಸಿಲ್ಕ್ ಬೋರ್ಡ್ ಇನ್ನೂ ಬಂದಿರಲಿಲ್ಲ. ಮನೆಗೆ ಬಂದ ಮೇಲೆ ಅವರು ಎಡ ಮಂಡಿಗೆ ಎಣ್ಣೆ ಹಚ್ಚಿಕೊಂಡು ಕೂರುತ್ತಿದ್ದರು. ಊರೂರಿನ ಟ್ರಾಫಿಕ್ ಅಳೆಯುವ ಟಾಮ್‌ಟಾಮ್ ಕಂಪನಿಯವರ 2023ರ ಲೆಕ್ಕದಲ್ಲಿ ಬೆಂಗಳೂರಿನ ನಡುಭಾಗದಲ್ಲಿ 10 ಕಿ.ಮೀ. ಹೋಗಲು ಸರಾಸರಿ 28 ನಿಮಿಷ ಬೇಕು. ಸರಾಸರಿ ಅಂದಮೇಲೆ ಅದರಲ್ಲಿ ಬೆಳಗಿನ ಜಾವದ ಖಾಲಿ ರಸ್ತೆಯೂ ಸೇರಿದೆ, ಸಂಜೆ ಆರೂವರೆಯ ರಿಂಗ್ ರೋಡೂ ಸೇರಿದೆ. ನೀವು ಹೋಗುವುದು ಆರೂವರೆಗೆ, ಅಲ್ವಾ?

ಕ್ಲಚ್ಚಿಗೂ ಅದು ಒಳ್ಳೆಯದಲ್ಲ. ಅರ್ಧ ಒತ್ತಿ, ಅರ್ಧ ಬಿಟ್ಟು ಗಾಡಿಯನ್ನು ತೆವಳಿಸುತ್ತೇವಲ್ಲ, ಆ ಹಾಫ್ ಕ್ಲಚ್‌ನಲ್ಲೇ ಪ್ಲೇಟ್ ಸವೆಯುವುದು. ನಮ್ಮ ಕಾರಿಗೆ ಎರಡು ಸಲ ಪ್ಲೇಟ್ ಹಾಕಿಸಿದೆವು. ಎರಡನೇ ಸಲ ಬಿಲ್ಲು ಹತ್ತು ಸಾವಿರ ದಾಟಿತು.

ಇನ್ನು ನನ್ನ ಕಥೆ. 2014ರಲ್ಲಿ ಕಲಿತೆ, ಲೈಸೆನ್ಸೂ ಬಂತು. ಒಂದು ದಿನ ಫ್ಲೈಓವರ್ ಹತ್ತುವಾಗ ಮುಂದಿನ ಗಾಡಿಗಳೆಲ್ಲ ನಿಂತವು. ನಾನೂ ನಿಲ್ಲಿಸಿದೆ. ಮತ್ತೆ ಹೊರಡಲು ಬ್ರೇಕಿಂದ ಕಾಲು ತೆಗೆದರೆ ಕಾರು ಹಿಂದಕ್ಕೆ ಜಾರಿತು. ಗಾಬರಿಯಲ್ಲಿ ಕ್ಲಚ್ ಪೂರ್ತಿ ಬಿಟ್ಟೆ, ಎಂಜಿನ್ ಆಫ್. ಹೀಗೆ ಮೂರು ಸಲ. ಹಿಂದೆ ಬಿಎಂಟಿಸಿ ಬಸ್ಸು. ಅದರ ಮುಂಭಾಗ ಕನ್ನಡಿಯಲ್ಲಿ ದೊಡ್ಡದಾಗುತ್ತಾ ಬಂದದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಏನೂ ಆಗಲಿಲ್ಲ, ಚಾಲಕರೇ ಇಳಿದು ಬಂದು, ಹ್ಯಾಂಡ್ ಬ್ರೇಕ್ ಹಾಕಿಕೊಳ್ಳಿ ಅಮ್ಮಾ ಅಂತ ಸಮಾಧಾನವಾಗಿ ಹೇಳಿಕೊಟ್ಟರು. ಆದರೂ ಅವತ್ತಿನಿಂದ ಏಳು ವರ್ಷ ನಾನು ಕೀ ಮುಟ್ಟಲಿಲ್ಲ. ನಿಮ್ಮ ಹೆಂಡತಿಯೂ ಯಾಕೆ ಓಡಿಸುವುದಿಲ್ಲ ಅಂತ ಒಮ್ಮೆ ಕೇಳಿ ನೋಡಿ. ಹತ್ತರಲ್ಲಿ ಎಂಟು ಜನ ಹೆಂಗಸರು ನನಗೆ ಹೇಳಿದ್ದು ಇದೇ: ಏರಿನಲ್ಲಿ ಹಿಂದಕ್ಕೆ ಜಾರುವ ಭಯ.

2021ರಲ್ಲಿ ನಾವು ಎಎಂಟಿ ಅನ್ನುವ ಬಗೆಯ ಆಟೋಮ್ಯಾಟಿಕ್ ಕಾರು ತಗೊಂಡೆವು. ಮೂರನೇ ವಾರಕ್ಕೆ ನಾನು ಮಗಳನ್ನು ಶಾಲೆಗೆ ಬಿಡುತ್ತಿದ್ದೆ. ಮಾವನಿಗೆ ರಾತ್ರಿ ಎದೆನೋವು ಬಂದಾಗ ನಮ್ಮನೆಯವರು ಊರಲ್ಲಿರಲಿಲ್ಲ. ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ನಾನು. ಕಾರಿನ ವಿಷಯ ಬಂದಾಗ ನಾನು ಮೈಲೇಜಿಗಿಂತ ಮೊದಲು ಇದನ್ನೇ ಹೇಳುತ್ತೇನೆ. ಕಾರು ಒಂದೇ, ಆದರೆ ಓಡಿಸುವವರು ಒಬ್ಬರಿದ್ದ ಕಡೆ ಇಬ್ಬರಾದೆವು.

ಈಗ ಆಟೋಮ್ಯಾಟಿಕ್‌ನ ಬಗೆಗಳಿಗೆ ಬರೋಣ. ನಿಮ್ಮ ಬಜೆಟ್‌ನಲ್ಲಿ ಜಾಸ್ತಿ ಸಿಗುವುದು ಎಎಂಟಿ. ನಮ್ಮ ದೇಶದಲ್ಲಿ ಇದನ್ನು ಮನೆಮಾತು ಮಾಡಿದ್ದು 2014ರಲ್ಲಿ ಬಂದ ಮಾರುತಿ ಸೆಲೆರಿಯೊ. ಒಳಗಿರುವುದು ಮಾಮೂಲಿ ಮ್ಯಾನ್ಯುಯಲ್ ಗೇರ್‌ಬಾಕ್ಸೇ, ಕ್ಲಚ್ಚೂ ಇದೆ. ನಮ್ಮ ಎಡಗಾಲು, ಎಡಗೈ ಮಾಡುವ ಕೆಲಸವನ್ನು ಕಂಪ್ಯೂಟರ್ ಹೇಳಿದಂತೆ ಒಂದು ಯಂತ್ರ ಮಾಡುತ್ತದೆ, ಅಷ್ಟೇ. ಹಾಗಾಗಿ ಆಟೋಮ್ಯಾಟಿಕ್‌ಗಳಲ್ಲಿ ಇದರ ಬೆಲೆ ಕಮ್ಮಿ, ಮ್ಯಾನ್ಯುಯಲ್‌ಗಿಂತ ಸುಮಾರು 50 ಸಾವಿರ ಮಾತ್ರ ಜಾಸ್ತಿ. ಮೈಲೇಜೂ ಬೀಳುವುದಿಲ್ಲ. 2024ರ ಸ್ವಿಫ್ಟ್ ತಗೊಳ್ಳಿ: ಕಂಪನಿ ಹೇಳುವ ಲೆಕ್ಕದಲ್ಲಿ ಮ್ಯಾನ್ಯುಯಲ್ ಲೀಟರಿಗೆ 24.8 ಕಿ.ಮೀ., ಎಎಂಟಿ 25.75. ಟ್ರಾಫಿಕ್ಕಿನಲ್ಲಿ ಎರಡೂ ಇಷ್ಟು ಕೊಡುವುದಿಲ್ಲ, ಅದು ಬೇರೆ ಮಾತು. ಮೈಲೇಜ್ ಕೊಡಲ್ಲ ಅನ್ನುವುದು ಹಳೇ ಕಾಲದ ಆಟೋಮ್ಯಾಟಿಕ್‌ಗಳ ಬಗ್ಗೆ ಸರಿಯಾಗಿತ್ತು, ಅಪ್ಪನಿಗೆ ಈ ಅಂಕಿ ತೋರಿಸಿ.

ಎಎಂಟಿಯ ತೊಂದರೆಯೂ ಹೇಳಬೇಕು. ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಗೇರ್ ಬೀಳುವಾಗ ಕಾರು ಒಂದು ಕ್ಷಣ ಉಸಿರು ಹಿಡಿದ ಹಾಗೆ ಆಗುತ್ತದೆ, ತಲೆ ಸ್ವಲ್ಪ ಮುಂದಕ್ಕೆ ಹೋಗಿ ಬರುತ್ತದೆ. ಆ ಹೊತ್ತಿಗೆ ಸರಿಯಾಗಿ ಆಕ್ಸಿಲರೇಟರ್ ಮೇಲಿನ ಕಾಲು ಸ್ವಲ್ಪ ಸಡಿಲ ಮಾಡಿದರೆ ಮುಕ್ಕಾಲು ಪಾಲು ಗೊತ್ತೇ ಆಗಲ್ಲ. ಇದನ್ನು ಶೋರೂಮಿನಲ್ಲಿ ಯಾರೂ ಹೇಳಿಕೊಡುವುದಿಲ್ಲ. ಒಂದು ವಾರದಲ್ಲಿ ಕಾಲಿಗೆ ತಾನಾಗೇ ಬರುತ್ತದೆ.

ಅದಕ್ಕಿಂತ ಮುಖ್ಯವಾದದ್ದು ಏರು. ಒಳಗೆ ಕ್ಲಚ್ ಇರುವುದರಿಂದ ಎಎಂಟಿಯೂ ಏರಿನಲ್ಲಿ ಹಿಂದಕ್ಕೆ ಜಾರಬಲ್ಲದು. ಹಿಲ್ ಹೋಲ್ಡ್ ಅಂತ ಒಂದು ಸೌಕರ್ಯ ಇದ್ದರೆ, ಬ್ರೇಕಿಂದ ಕಾಲು ತೆಗೆದ ಮೇಲೂ ಒಂದೆರಡು ಸೆಕೆಂಡ್ ಗಾಡಿಯನ್ನು ಹಿಡಿದಿಡುತ್ತದೆ. ಎಎಂಟಿ ತಗೊಂಡರೆ ಇದು ಇರಲೇಬೇಕು, ಸನ್‌ರೂಫ್ ಬಿಟ್ಟರೂ ಪರವಾಗಿಲ್ಲ. ನನ್ನ ಭಯ ಹೋದದ್ದೇ ಅದರಿಂದ. ಇನ್ನೊಂದು: ಏರಿನಲ್ಲಿ ನಿಂತಾಗ ಆಕ್ಸಿಲರೇಟರ್ ಸ್ವಲ್ಪ ಒತ್ತಿಕೊಂಡು ಗಾಡಿಯನ್ನು ನಿಲ್ಲಿಸುವ ಅಭ್ಯಾಸ ಖಂಡಿತ ಬೇಡ. ಕ್ಲಚ್ ಸುಟ್ಟ ವಾಸನೆ ಬರುತ್ತದೆ. ಬ್ರೇಕಿನಲ್ಲೇ ನಿಲ್ಲಿಸಿ. ಎಷ್ಟೋ ಎಎಂಟಿ ಕಾರುಗಳಲ್ಲಿ ಪಾರ್ಕಿಂಗಿಗೆ ಅಂತ ‘ಪಿ’ ಇರುವುದಿಲ್ಲ, ಆರ್ (ಹಿಂದಕ್ಕೆ), ಎನ್ (ನ್ಯೂಟ್ರಲ್), ಡಿ (ಮುಂದಕ್ಕೆ), ಎಂ (ಗೇರ್ ನಾವೇ ಬದಲಿಸುವುದಕ್ಕೆ) ಅಷ್ಟೇ. ಅದಕ್ಕೆ ಇಳಿಯುವ ಮೊದಲು ಹ್ಯಾಂಡ್ ಬ್ರೇಕ್ ಎಳೆಯಲೇಬೇಕು.

ಸಿವಿಟಿ ಮತ್ತು ಟಾರ್ಕ್ ಕನ್ವರ್ಟರ್ ಅಂತ ಆಟೋಮ್ಯಾಟಿಕ್‌ನ ಇನ್ನೆರಡು ಬಗೆ ಇವೆ, ಎಎಂಟಿಗಿಂತ ತುಂಬಾ ನಯ. ಟಾರ್ಕ್ ಕನ್ವರ್ಟರ್‌ನಲ್ಲಿ ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ಎಣ್ಣೆಯ ಮೂಲಕ ಬಲ ದಾಟುತ್ತದೆ, ಹಾಗಾಗಿ ಜರ್ಕ್ ಇಲ್ಲ, ತೆವಳುವ ಟ್ರಾಫಿಕ್ಕಿಗೆ ಹೇಳಿ ಮಾಡಿಸಿದ್ದು. ಸಿವಿಟಿಯಲ್ಲಿ ಹಲ್ಲಿನ ಗೇರುಗಳ ಬದಲು ಎರಡು ರಾಟೆ, ಒಂದು ಬೆಲ್ಟು. ಹೊಂಡಾ ಅಮೇಜ್‌ನಲ್ಲಿ ಇದೇ ಇರುವುದು. ಜೋರಾಗಿ ಒತ್ತಿದರೆ ಎಂಜಿನ್ ಕೂಗುತ್ತದೆ, ವೇಗ ಆಮೇಲೆ ಬರುತ್ತದೆ. ಸಿಟಿಯಲ್ಲಿ ಜೋರಾಗಿ ಒತ್ತುವುದೆಲ್ಲಿ ಬಂತು. ಆದರೆ ಇವಕ್ಕೆ ಲಕ್ಷದ ಆಸುಪಾಸು ಜಾಸ್ತಿ ಕೊಡಬೇಕು.

ಎರಡು ಕ್ಲಚ್ ಇರುವ ಡಿಸಿಟಿ ಹೈವೇಯಲ್ಲಿ ಬಹಳ ಚೆನ್ನ. ಅದರಲ್ಲಿ ಡ್ರೈ ಕ್ಲಚ್ ಬಗೆಯದು, ಅಂದರೆ ಕ್ಲಚ್ಚಿಗೆ ಎಣ್ಣೆಯ ತಂಪು ಇಲ್ಲದ್ದು, ಮುಕ್ಕಾಲು ಗಂಟೆ ತೆವಳಿದರೆ ಬಿಸಿಯಾಗುತ್ತದೆ. ನಿಮ್ಮ ದಾರಿಗೆ ನಾನು ಅದನ್ನು ಹೇಳುವುದಿಲ್ಲ.

ದುಡ್ಡಿನಲ್ಲಿ ಒಂದು ವಿಷಯ ಬಹಳ ಜನ ಗಮನಿಸುವುದಿಲ್ಲ. ಕರ್ನಾಟಕದಲ್ಲಿ ಪೆಟ್ರೋಲ್ ಕಾರಿನ ಆಜೀವ ತೆರಿಗೆ 5ರಿಂದ 10 ಲಕ್ಷದೊಳಗಿನ ಕಾರಿಗೆ ಶೇ 14, 10 ಲಕ್ಷ ದಾಟಿದರೆ ಶೇ 17, ಅದರ ಮೇಲೆ ಸೆಸ್. 9.70 ಲಕ್ಷದ ಮ್ಯಾನ್ಯುಯಲ್ ಕಾರಿನ ಆಟೋಮ್ಯಾಟಿಕ್ 10.40 ಆದರೆ ವ್ಯತ್ಯಾಸ 70 ಸಾವಿರ ಅಂದುಕೊಳ್ಳುತ್ತೇವೆ. ತೆರಿಗೆಯೇ 40 ಸಾವಿರ ಜಾಸ್ತಿ ಆಗುತ್ತದೆ. ಶೋರೂಮಿನಲ್ಲಿ ಎರಡರದ್ದೂ ಆನ್ ರೋಡ್ ಬೆಲೆ ಬರೆಸಿಕೊಂಡು ಪಕ್ಕಪಕ್ಕ ಇಟ್ಟು ನೋಡಿ. ಒಂದು ಮೆಟ್ಟಿಲು ಕೆಳಗಿನ ವೇರಿಯಂಟ್‌ನಲ್ಲಿ ಆಟೋಮ್ಯಾಟಿಕ್ ಸಿಕ್ಕರೆ ಅದನ್ನೇ ತಗೊಳ್ಳಿ.

ಘಾಟಿಯ ವಿಷಯ. ಹತ್ತುವುದಕ್ಕೆ ಏನೂ ತೊಂದರೆ ಇಲ್ಲ. ನಾವು ಶಿರಾಡಿಯಲ್ಲೂ ಹೋಗಿದ್ದೇವೆ, ಹದಿನಾಲ್ಕು ಸುತ್ತಿನ ಆಗುಂಬೆಯನ್ನೂ ಎರಡು ಸಲ ಹತ್ತಿ ಇಳಿದಿದ್ದೇವೆ. ಹುಷಾರಾಗಿರಬೇಕಾದದ್ದು ಇಳಿಯುವಾಗ. ‘ಡಿ’ಯಲ್ಲೇ ಬಿಟ್ಟರೆ ಕಾರು ತಾನಾಗಿ ಮೇಲಿನ ಗೇರಿಗೆ ಹೋಗಿಬಿಡುತ್ತದೆ, ಎಂಜಿನ್ ಹಿಡಿತ ತಪ್ಪುತ್ತದೆ, ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಮೊದಲ ಸಲ ಆಗುಂಬೆ ಇಳಿದು ಸೋಮೇಶ್ವರದಲ್ಲಿ ನಿಲ್ಲಿಸಿದಾಗ ಮುಂದಿನ ಚಕ್ರದಿಂದ ಕಮಟು ವಾಸನೆ ಬರುತ್ತಿತ್ತು. ಎರಡನೇ ಸಲ ಮೇಲೆಯೇ ‘ಎಂ’ಗೆ ಹಾಕಿ ಎರಡನೇ ಗೇರಿನಲ್ಲಿ ಇಳಿದೆವು, ತಿರುವಿಗೆ ಮಾತ್ರ ಬ್ರೇಕ್ ಮುಟ್ಟಿದೆವು. ವಾಸನೆಯೂ ಇಲ್ಲ, ಏನೂ ಇಲ್ಲ. ಸಿವಿಟಿಯಲ್ಲಿ ‘ಎಲ್’ ಅಥವಾ ‘ಎಸ್’ ಇರುತ್ತದೆ, ಅದನ್ನು ಬಳಸಿ.

ಡ್ರೈವಿಂಗೇ ಮರೆತು ಹೋಗುತ್ತೆ ಅಂತ ಅಪ್ಪ ಹೇಳುವುದು ಸುಳ್ಳು. ಮೂರು ವರ್ಷ ಆಟೋಮ್ಯಾಟಿಕ್ ಓಡಿಸಿದ ಮೇಲೆ ಊರಲ್ಲಿ ತಮ್ಮನ ಮ್ಯಾನ್ಯುಯಲ್ ಕಾರು ತೆಗೆದೆ. ಗೇಟಿನ ಹತ್ತಿರ ಎರಡು ಸಲ ಆಫ್ ಆಯಿತು, ಆಮೇಲೆ ಸಂತೆಗೆ ಹೋಗಿ ಬಂದೆ. ಆದರೆ ಹೊಸದಾಗಿ ಕಲಿಯುವವರು ಮ್ಯಾನ್ಯುಯಲ್‌ನಲ್ಲೇ ಕಲಿಯಲಿ. ಯಾರ ಗಾಡಿ ಯಾವಾಗ ಓಡಿಸಬೇಕಾಗುತ್ತೋ ಗೊತ್ತಿಲ್ಲ. ಬ್ರಿಟನ್ನಿನಲ್ಲಿ ಆಟೋಮ್ಯಾಟಿಕ್‌ನಲ್ಲಿ ಟೆಸ್ಟ್ ಕೊಟ್ಟವರಿಗೆ ಮ್ಯಾನ್ಯುಯಲ್ ಓಡಿಸುವ ಲೈಸೆನ್ಸೇ ಸಿಗುವುದಿಲ್ಲ.

ಮೊದಲ ವಾರದ ಬಗ್ಗೆ ಒಂದು ಮಾತು, ಇದನ್ನು ದಯವಿಟ್ಟು ಮನಸ್ಸಿಟ್ಟು ಓದಿ. ಮ್ಯಾನ್ಯುಯಲ್ ಓಡಿಸಿದವರ ಎಡಗಾಲು ಕ್ಲಚ್ ಹುಡುಕುತ್ತದೆ. ನಮ್ಮನೆಯವರು ಎರಡನೇ ದಿನ ಸಿಗ್ನಲ್ ಹತ್ತಿರ ಬರುವಾಗ ಎಡಗಾಲಿನಿಂದ ಜೋರಾಗಿ ಒತ್ತಿದರು. ಅಲ್ಲಿದ್ದದ್ದು ಬ್ರೇಕು. ಕಾರು ನಿಂತಲ್ಲೇ ನಿಂತಿತು, ಮಗಳ ನೀರಿನ ಬಾಟಲಿ ಹಿಂದಿನ ಸೀಟಿನಿಂದ ನನ್ನ ಕಾಲ ಹತ್ತಿರ ಬಂದು ಬಿತ್ತು. ಹಿಂದೆ ಬೈಕು ಹತ್ತಿರ ಇದ್ದಿದ್ದರೆ ಏನಾಗುತ್ತಿತ್ತು ಅಂತ ಈಗಲೂ ಅನ್ನಿಸುತ್ತದೆ. ಎಡಗಾಲನ್ನು ಹಿಂದಕ್ಕೆಳೆದು ಸೀಟಿನ ಬುಡಕ್ಕೆ ಒರಗಿಸಿಡಿ. ಬ್ರೇಕು, ಆಕ್ಸಿಲರೇಟರ್ ಎರಡಕ್ಕೂ ಬಲಗಾಲೇ. ಡಿ, ಆರ್ ಬದಲಿಸುವಾಗೆಲ್ಲ ಕಾಲು ಬ್ರೇಕಿನ ಮೇಲಿರಲಿ. ಬೇಸ್‌ಮೆಂಟಿನಲ್ಲಿ ಕಾರು ಗೋಡೆಗೆ ನುಗ್ಗುವುದು ಬ್ರೇಕ್ ಅಂದುಕೊಂಡು ಆಕ್ಸಿಲರೇಟರ್ ಒತ್ತಿದಾಗಲೇ. ಎರಡು ಭಾನುವಾರ ಬೆಳಿಗ್ಗೆ ಆರಕ್ಕೆ ಖಾಲಿ ರಸ್ತೆಯಲ್ಲಿ ಅಭ್ಯಾಸ ಮಾಡಿ. ಬ್ಯಾಟರಿ ಹೋದರೆ ಮ್ಯಾನ್ಯುಯಲ್ ತರಹ ತಳ್ಳಿ ಸ್ಟಾರ್ಟ್ ಮಾಡಲು ಆಗುವುದಿಲ್ಲ, ಅದಕ್ಕೆ ಡಿಕ್ಕಿಯಲ್ಲಿ ಒಂದು ಜಂಪರ್ ಕೇಬಲ್ ಇರಲಿ.

ಮ್ಯಾನ್ಯುಯಲ್ ಯಾರಿಗೆ ಸರಿ ಅಂದರೆ, ಊರಲ್ಲೇ ಇದ್ದು ಖಾಲಿ ರಸ್ತೆಯಲ್ಲಿ ಓಡಾಡುವವರಿಗೆ, ಮೂರ್ನಾಲ್ಕು ಲಕ್ಷಕ್ಕೆ ಸೆಕೆಂಡ್ ಹ್ಯಾಂಡ್ ನೋಡುತ್ತಿರುವವರಿಗೆ. ನನ್ನ ತಮ್ಮ ಸಕಲೇಶಪುರದ ಹತ್ತಿರ ತೋಟ ನೋಡಿಕೊಳ್ಳುತ್ತಾನೆ, ಕೆಸರಿನಲ್ಲಿ ಗಾಡಿ ತೆಗೆಯಬೇಕು. ಅವನಿಗೆ ನಾನು ಆಟೋಮ್ಯಾಟಿಕ್ ತಗೋ ಅನ್ನುವುದಿಲ್ಲ. ನೀವು ವರ್ಷದಲ್ಲಿ ಇನ್ನೂರೈವತ್ತು ದಿನ ರಿಂಗ್ ರೋಡಿನಲ್ಲಿರುತ್ತೀರಿ, ಎಂಟು ದಿನ ಘಾಟಿಯಲ್ಲಿ. ಇನ್ನೂರೈವತ್ತು ದಿನದ ರಸ್ತೆಗೆ ಕಾರು ತಗೊಳ್ಳಿ.

ಟೆಸ್ಟ್ ಡ್ರೈವ್ ಭಾನುವಾರ ಬೇಡ. ವಾರದ ನಡುವೆ ಸಂಜೆ ಆರಕ್ಕೆ ಕೇಳಿ. ಗಾಡಿಯನ್ನು ನಿಮ್ಮ ಅಪಾರ್ಟ್‌ಮೆಂಟಿಗೇ ತಂದು ಬೇಸ್‌ಮೆಂಟಿಗೆ ಇಳಿಸಿ. ಹತ್ತುವಾಗ ಏರಿನ ನಡುವೆ ಪೂರ್ತಿ ನಿಲ್ಲಿಸಿ, ಹಿಂದೆ ಯಾರೂ ಇಲ್ಲ ಅಂತ ನೋಡಿಕೊಂಡು ಬ್ರೇಕಿಂದ ಕಾಲು ತೆಗೆಯಿರಿ. ಎಎಂಟಿ ಅಲ್ಲಿ ಜಾರದೆ ಹೊರಟರೆ ಸಾಕು, ಜಾಸ್ತಿ ದುಡ್ಡು ಹಾಕಬೇಡಿ. ಜಾರಿದರೆ ಸಿವಿಟಿ ಅಥವಾ ಟಾರ್ಕ್ ಕನ್ವರ್ಟರ್ ನೋಡಿ. ನೀವು ಓಡಿಸಿದ ಮೇಲೆ ಅದೇ ಏರಿನಲ್ಲಿ ನಿಮ್ಮ ಹೆಂಡತಿಯೂ ಓಡಿಸಲಿ, ನೀವು ಪಕ್ಕದಲ್ಲಿ ಕೂತಿರಿ. ಏನೂ ಹೇಳಿಕೊಡಲು ಹೋಗಬೇಡಿ. ಅವರು ಮೇಲೆ ಬಂದು ಏನಂತಾರೆ ಕೇಳಿ, ಬುಕಿಂಗ್ ದುಡ್ಡು ಅದಾದ ಮೇಲೆ ಕೊಡಿ.