ಭೂಮಿ ತಡ ಮಾಡಿದರೆ ತಪ್ಪು ಯಾರದ್ದು?

ಓದುಗರ ಪತ್ರ: ಸಂಪಾದಕರೇ, ಲೀಪ್ ಸೆಕೆಂಡ್ ನಿಲ್ಲಿಸುವ ತೀರ್ಮಾನದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬೇಸರದಿಂದ ಬರೆದಿದ್ದೀರಿ. ನಾನು ಸರ್ವರ್‌ಗಳನ್ನು ನೋಡಿಕೊಳ್ಳುವ ಕೆಲಸದವನು. ಆ ಒಂದು ಸೆಕೆಂಡ್ ನಮಗೆ ಕೊಡುವ ಕಾಟ ನಿಮಗೆ ಗೊತ್ತಿಲ್ಲ ಅನಿಸುತ್ತದೆ. ಒಳ್ಳೆಯ ಪರಮಾಣು ಗಡಿಯಾರ ಕೋಟ್ಯಂತರ ವರ್ಷಕ್ಕೆ ಒಂದು ಸೆಕೆಂಡ್ ಕೂಡ ತಪ್ಪುವುದಿಲ್ಲ. ಭೂಮಿಯೋ ದಿನಾ ತಪ್ಪುತ್ತದೆ. ಸರಿ ಇರುವ ಗಡಿಯಾರವನ್ನು ಕೆಟ್ಟ ಗಡಿಯಾರಕ್ಕೆ ಹೊಂದಿಸುವುದು ಯಾವ ನ್ಯಾಯ? ಕಾಲ ಅಂದರೆ ಗಡಿಯಾರ ತೋರಿಸುವುದು, ಅಷ್ಟೇ. ಸೂರ್ಯನ ಮೋಹ ಬಿಡಿ. ಲೀಪ್ ಸೆಕೆಂಡ್ ಹೋದರೆ ಸಾಮಾನ್ಯ ಮನುಷ್ಯನಿಗೆ ಏನು ನಷ್ಟ, ಹೇಳಿ ನೋಡೋಣ.

ಸಂಪಾದಕರ ಉತ್ತರ:

ಮುಚ್ಚುಮರೆ ಇಲ್ಲದೆ ಬರೆದಿದ್ದೀರಿ. ಅದಕ್ಕೇ ಈ ಸಲ ಬಂದ ಪತ್ರಗಳಲ್ಲಿ ನಿಮ್ಮದನ್ನೇ ಎತ್ತಿಕೊಂಡೆ. ಕಳೆದ ಸಂಚಿಕೆ ಓದದವರಿಗಾಗಿ ಮೊದಲು ಎರಡು ಮಾತು. ಜಗತ್ತಿನ ಅಧಿಕೃತ ಸಮಯ ಈಗ ಪರಮಾಣು ಗಡಿಯಾರಗಳ ಮೇಲೆ ನಡೆಯುತ್ತದೆ. ಭೂಮಿ ತಿರುಗುವ ವೇಗ ಮಾತ್ರ ಒಂದೇ ಸಮ ಇರುವುದಿಲ್ಲ. ಇವೆರಡರ ನಡುವಿನ ಅಂತರ 0.9 ಸೆಕೆಂಡ್ ದಾಟಬಾರದು ಎಂದು ಆಗಾಗ ಒಂದು ಸೆಕೆಂಡ್ ಸೇರಿಸುತ್ತಾರೆ. ಅದೇ ಲೀಪ್ ಸೆಕೆಂಡ್. 1972ರಿಂದ 27 ಸಲ ಸೇರಿಸಿದ್ದಾರೆ. ಕೊನೆಯದು 2016ರ ಡಿಸೆಂಬರ್ 31ರಂದು. 2022ರ ನವೆಂಬರಿನಲ್ಲಿ ಫ್ರಾನ್ಸಿನ ವರ್ಸೇಲ್ಸ್‌ನಲ್ಲಿ ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಸಭೆ ಸೇರಿತ್ತು. 2035ರ ಒಳಗೆ ಈ ಮಿತಿಯನ್ನು ಹಿಗ್ಗಿಸಬೇಕು, ಕನಿಷ್ಠ ನೂರು ವರ್ಷ ಯಾರೂ ಗಡಿಯಾರ ಮುಟ್ಟುವಂತಾಗಬಾರದು ಎಂದು ಅಲ್ಲಿ ತೀರ್ಮಾನವಾಯಿತು.

ನಿಮ್ಮ ಕಾಟ ನಿಜ, ಒಪ್ಪಿದೆ. 2012ರ ಜೂನ್ 30ರ ರಾತ್ರಿ ಒಂದು ಸೆಕೆಂಡ್ ಸೇರಿಸಿದಾಗ ಎಷ್ಟೋ ಸರ್ವರ್‌ಗಳು ನಿಂತುಹೋದವು, ವಿಮಾನ ಪ್ರಯಾಣಿಕರು ಚೆಕ್-ಇನ್ ಆಗದೆ ಸಾಲಿನಲ್ಲಿ ನಿಂತರು. ಪರಮಾಣು ಗಡಿಯಾರ ಇಲ್ಲದಿದ್ದರೆ ಜಿಪಿಎಸ್ ಇಲ್ಲ ಎನ್ನುವುದೂ ಗೊತ್ತು. ಅದರ ಬಗ್ಗೆ ನನಗೆ ಗೌರವವಿದೆ.

ಆದರೆ ಭೂಮಿಯನ್ನು ಕೆಟ್ಟ ಗಡಿಯಾರ ಅಂದಿರಲ್ಲ, ಅದನ್ನು ನಾನು ಸುಮ್ಮನೆ ಬಿಡಲಾರೆ. ಎರಡು ಗಡಿಯಾರ ಹೊಂದದೇ ಹೋದಾಗ ಒಂದನ್ನು ಕೆಟ್ಟಿದೆ ಎಂದು ಪಕ್ಕಕ್ಕಿಡುವುದು ಸುಲಭ. ಯಾಕೆ ಹೊಂದುತ್ತಿಲ್ಲ ಎಂದು ಕೇಳಿದವರು ಮಾತ್ರ ಏನನ್ನಾದರೂ ಕಂಡುಕೊಂಡಿದ್ದಾರೆ.

1672ರಲ್ಲಿ ಝಾನ್ ರಿಷೆ ಎಂಬ ಫ್ರೆಂಚ್ ಖಗೋಳಜ್ಞ ದಕ್ಷಿಣ ಅಮೆರಿಕದ ಕಯೆನ್‌ಗೆ ಹೋದ. ಭೂಮಧ್ಯರೇಖೆಗೆ ಹತ್ತಿರದ ಜಾಗ. ಪ್ಯಾರಿಸ್‌ನಲ್ಲಿ ಸರಿಯಾಗಿ ಹೊಂದಿಸಿದ್ದ ಅವನ ಲೋಲಕದ ಗಡಿಯಾರ ಅಲ್ಲಿ ದಿನಕ್ಕೆ ಎರಡೂವರೆ ನಿಮಿಷ ಹಿಂದೆ ಬೀಳತೊಡಗಿತು. ನಕ್ಷತ್ರಗಳನ್ನು ನೋಡಿಯೇ ಅವನಿಗೆ ಇದು ಗೊತ್ತಾಗಿದ್ದು. ಅವನು ಲೋಲಕವನ್ನು ಸುಮಾರು ಮೂರು ಮಿಲಿಮೀಟರ್ ಗಿಡ್ಡ ಮಾಡಿದ, ಗಡಿಯಾರ ಸರಿಹೋಯಿತು. ಅಷ್ಟಕ್ಕೇ ಮರೆತುಬಿಡಬಹುದಿತ್ತು. ಅವನು ಬರೆದಿಟ್ಟ. ನ್ಯೂಟನ್ ಆ ಅಳತೆ ಹಿಡಿದುಕೊಂಡು ಭೂಮಿ ಪೂರ್ತಿ ಗುಂಡಗಿಲ್ಲ, ನಡುವಿನಲ್ಲಿ ಉಬ್ಬಿದೆ, ಅದಕ್ಕೇ ಅಲ್ಲಿ ಗುರುತ್ವ ಸ್ವಲ್ಪ ಕಡಿಮೆ ಎಂದು ವಾದಿಸಿದ. ಭೂಮಿಯ ಆಕಾರದ ಸುಳಿವು ಸಿಕ್ಕಿದ್ದು ಎರಡೂವರೆ ನಿಮಿಷದ ವ್ಯತ್ಯಾಸದಿಂದ.

ಇನ್ನೂ ಹಳೆಯ ಉದಾಹರಣೆ ಬೇಕಾ? ಕ್ರಿಸ್ತಪೂರ್ವ 136ರ ಏಪ್ರಿಲ್ 15ರಂದು ಬಾಬಿಲೋನಿನಲ್ಲಿ ಬೆಳಿಗ್ಗೆ ಸೂರ್ಯ ಪೂರ್ತಿ ಮುಚ್ಚಿಹೋದ. ಅಲ್ಲಿನ ಲೆಕ್ಕದವರು ಅದನ್ನು ಮಣ್ಣಿನ ಹಲಗೆಯಲ್ಲಿ ಕೊರೆದರು. ಇಂದಿನ ದಿನದಷ್ಟೇ ಅಂದಿನ ದಿನವೂ ಉದ್ದವಿತ್ತು ಎಂದುಕೊಂಡು ಲೆಕ್ಕ ಹಾಕಿದರೆ ಆ ಗ್ರಹಣದ ದಾರಿ ಬಾಬಿಲೋನಿಗೆ ಬರುವುದೇ ಇಲ್ಲ. ಸುಮಾರು 49 ಡಿಗ್ರಿ ಪಶ್ಚಿಮಕ್ಕೆ ಬೀಳುತ್ತದೆ. ಹಲಗೆ ಸುಳ್ಳು ಹೇಳಲಿಲ್ಲ. ಆಗ ಭೂಮಿ ಈಗಿಗಿಂತ ತುಸು ಬೇಗ ತಿರುಗುತ್ತಿತ್ತು. ಎರಡು ಸಾವಿರ ವರ್ಷದಲ್ಲಿ ಆ ಚೂರುಪಾರು ಕೂಡಿಕೊಂಡು ಮೂರು ಗಂಟೆಗೂ ಜಾಸ್ತಿ ಆಗಿದೆ. ಹೆಸರು ಉಳಿಯದ ಒಬ್ಬ ಬರಹಗಾರ ಆಕಾಶ ನೋಡಿ ಗೀರಿದ ಕೆಲವು ಗೆರೆ ಇಂದಿನ ವಿಜ್ಞಾನಿಗೆ ಭೂಮಿಯ ವೇಗ ಹೇಳಿಕೊಡುತ್ತದೆ! ಇದನ್ನು ಮೊದಲ ಸಲ ಓದಿದ ದಿನ ನನಗೆ ಬೇರೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ.

ಭೂಮಿ ನಿಧಾನವಾಗುವುದಕ್ಕೆ ಮುಖ್ಯ ಕಾರಣ ಚಂದ್ರ. ಅವನು ಎಬ್ಬಿಸುವ ಉಬ್ಬರದ ನೀರು ಸಮುದ್ರದ ತಳಕ್ಕೆ ಉಜ್ಜಿಕೊಳ್ಳುತ್ತದೆ, ತಿರುಗುವ ಭೂಮಿಗೆ ಅದೇ ಬ್ರೇಕು. ಭೂಮಿ ಕಳೆದುಕೊಂಡಿದ್ದನ್ನು ಚಂದ್ರ ಪಡೆದು ದೂರ ಸರಿಯುತ್ತಾನೆ, ವರ್ಷಕ್ಕೆ 3.8 ಸೆಂಟಿಮೀಟರಿನಷ್ಟು. 1969ರಲ್ಲಿ ಚಂದ್ರನ ಮೇಲೆ ಇಟ್ಟುಬಂದ ಕನ್ನಡಿಗಳಿಗೆ ಲೇಸರ್ ಬಿಟ್ಟು ಇದನ್ನು ಅಳೆದಿದ್ದಾರೆ. 1963ರಲ್ಲಿ ಜಾನ್ ವೆಲ್ಸ್ ಎಂಬ ವಿಜ್ಞಾನಿ ಸುಮಾರು 38 ಕೋಟಿ ವರ್ಷ ಹಳೆಯ ಹವಳದ ಪಳೆಯುಳಿಕೆಗಳಲ್ಲಿ ದಿನದ ಗೆರೆಗಳನ್ನು ಎಣಿಸಿದರು. ಒಂದು ವರ್ಷಕ್ಕೆ ಸುಮಾರು 400 ಗೆರೆ ಬಂದವು. ಅಂದರೆ ಆಗಿನ ದಿನ 22 ಗಂಟೆಗೂ ಕಡಿಮೆ.

ಇತ್ತೀಚಿನದು ಇನ್ನೂ ಗಂಭೀರ. ಧ್ರುವಗಳ ಹಿಮ ಕರಗಿ ಆ ನೀರು ಭೂಮಧ್ಯರೇಖೆಯ ಕಡೆ ಹರಡಿಕೊಳ್ಳುತ್ತಿದೆ. ಭಾರ ನಡುವಿಗೆ ಸರಿದಷ್ಟೂ ತಿರುಗುವ ವೇಗ ಇಳಿಯುತ್ತದೆ. ಇನ್ನೊಂದು ಕಡೆ, ಭೂಮಿಯ ಒಳಗಿನ ದ್ರವ ತಿರುಳಿನ ಚಲನೆಯಿಂದ ಮೇಲಿನ ಪದರದ ವೇಗ ಏರುತ್ತಿದೆ. 2016ರ ನಂತರ ಸೆಕೆಂಡ್ ಸೇರಿಸುವ ಪ್ರಮೇಯ ಬಾರದಿರುವುದು ಹೀಗೆ. ಮುಂದೆ ಒಂದು ಸೆಕೆಂಡ್ ಕಳೆಯಬೇಕಾದೀತು ಎಂಬ ಮಾತೂ ಇತ್ತು. ಹಿಮ ಕರಗಿದ್ದರಿಂದ ಅದು ಕೆಲವು ವರ್ಷ ಮುಂದೆ ಹೋಗಿದೆ ಎಂದು 2024ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಯೋಚಿಸಿ ನೋಡಿ. ನಾವು ಸುಟ್ಟ ಇಂಧನ ದಿನದ ಉದ್ದವನ್ನು ಬದಲಾಯಿಸಿದೆ, ಅದು ಗಡಿಯಾರದಲ್ಲಿ ಕಾಣುತ್ತಿದೆ. ಇಂಥ ಸುದ್ದಿ ಕೊಡುವ ಭೂಮಿಯನ್ನು ಕೆಟ್ಟ ಗಡಿಯಾರ ಅನ್ನುವುದು, ಜ್ವರ ತೋರಿಸಿತೆಂದು ಥರ್ಮಾಮೀಟರನ್ನು ಕಸಕ್ಕೆ ಹಾಕಿದ ಹಾಗೆ.

ಈಗ ನಿಮ್ಮ ಇನ್ನೊಂದು ಮಾತು. ಕಾಲ ಅಂದರೆ ಗಡಿಯಾರ ತೋರಿಸುವುದು. ಯಾವ ಗಡಿಯಾರ? ಜಗತ್ತಿನ ಸಮಯ ಇಟ್ಟುಕೊಂಡ ಒಂದು ದೊಡ್ಡ ಗಡಿಯಾರ ಎಲ್ಲೂ ಇಲ್ಲ. ಹಲವಾರು ದೇಶಗಳ 80ಕ್ಕೂ ಹೆಚ್ಚು ಪ್ರಯೋಗಾಲಯಗಳಲ್ಲಿ ಸುಮಾರು 450 ಪರಮಾಣು ಗಡಿಯಾರಗಳಿವೆ. ಅವು ಒಂದಕ್ಕೊಂದು ಕೂದಲೆಳೆಯಷ್ಟು ವ್ಯತ್ಯಾಸದಲ್ಲಿ ಓಡುತ್ತವೆ. ಪ್ಯಾರಿಸ್ ಬಳಿಯ ಸೆವ್ರ್‌ನಲ್ಲಿರುವ ಅಳತೆಗಳ ಸಂಸ್ಥೆ ಅವುಗಳ ಲೆಕ್ಕ ತರಿಸಿಕೊಂಡು, ನಂಬಿಕೆಯ ಗಡಿಯಾರಕ್ಕೆ ಹೆಚ್ಚು ತೂಕ ಕೊಟ್ಟು, ಸರಾಸರಿ ತೆಗೆದು, ತಿಂಗಳಿಗೊಮ್ಮೆ ಪಟ್ಟಿ ಹೊರಡಿಸುತ್ತದೆ. ಕಳೆದ ತಿಂಗಳು ನಿಖರವಾಗಿ ಎಷ್ಟು ಹೊತ್ತಾಗಿತ್ತು ಎನ್ನುವುದು ಈ ತಿಂಗಳು ಗೊತ್ತಾಗುತ್ತದೆ. ಅಷ್ಟೇ ಅಲ್ಲ, ಒಂದು ಗಡಿಯಾರವನ್ನು 33 ಸೆಂಟಿಮೀಟರ್ ಮೇಲಕ್ಕೆತ್ತಿದರೆ ಅದು ತುಸು ಬೇಗ ಓಡುತ್ತದೆ. ಐನ್‌ಸ್ಟೈನ್ ಹೇಳಿದ್ದನ್ನು 2010ರಲ್ಲಿ ಅಮೆರಿಕದ ಪ್ರಯೋಗಾಲಯದಲ್ಲಿ ಅಳೆದೇ ತೋರಿಸಿದರು. ಹಾಗಾಗಿ ಯಾವ ಎತ್ತರದ ಸೆಕೆಂಡನ್ನು ಸೆಕೆಂಡ್ ಅನ್ನಬೇಕು ಎನ್ನುವುದೂ ಮನುಷ್ಯರು ಕೂತು ಮಾಡಿಕೊಂಡ ಒಪ್ಪಂದವೇ. ಅವರು ಆರಿಸಿದ್ದು ಸಮುದ್ರಮಟ್ಟವನ್ನು. ಅಲ್ಲಿಗೂ ಭೂಮಿಯೇ ಬಂತು ಅಲ್ವಾ?

ಸೀಸಿಯಂ ಪರಮಾಣುವಿನ 9,19,26,31,770 ಕಂಪನ ಸೇರಿದರೆ ಒಂದು ಸೆಕೆಂಡ್ ಎಂದು 1967ರಲ್ಲಿ ನಿಗದಿ ಮಾಡಿದರು. ಈ ಸಂಖ್ಯೆ ಬಂದಿದ್ದು ಎಲ್ಲಿಂದ? 1955ರಿಂದ 1958ರವರೆಗೆ ಲೂಯಿ ಎಸೆನ್ ಇಂಗ್ಲೆಂಡಿನಲ್ಲಿ ಸೀಸಿಯಂ ಗಡಿಯಾರ ಓಡಿಸಿದರು, ವಿಲಿಯಂ ಮಾರ್ಕೊವಿಟ್ಜ್ ಅಮೆರಿಕದಲ್ಲಿ ಚಂದ್ರನ ಫೋಟೋ ತೆಗೆದು ಖಗೋಳದ ಸಮಯ ಅಳೆದರು. ಎರಡನ್ನೂ ಹೋಲಿಸಿ ಆ ಸಂಖ್ಯೆ ಪಡೆದರು. ಖಗೋಳದ ಆ ಸೆಕೆಂಡಿನ ಹಿಂದೆ ಇದ್ದದ್ದು 18 ಮತ್ತು 19ನೇ ಶತಮಾನದ ವೀಕ್ಷಣೆಗಳು. ಹಾಗಾಗಿ ಇಂದಿನ ಪರಮಾಣು ಸೆಕೆಂಡ್ ಹೊಂದುವುದು ಸುಮಾರು 1820ರ ಭೂಮಿಯ ವೇಗಕ್ಕೆ. ನಿಮ್ಮ ಸರಿಯಾದ ಗಡಿಯಾರ ಇನ್ನೂರು ವರ್ಷದ ಹಿಂದಿನ ದಿನವನ್ನು ಹಿಡಿದುಕೊಂಡಿದೆ. ಭೂಮಿ ಇವತ್ತಿನ ದಿನವನ್ನು ತೋರಿಸುತ್ತಿದೆ.

ದೇಹದ ವಿಷಯವೂ ಬಂತು, ಹೇಳಿಯೇ ಬಿಡುತ್ತೇನೆ. 1962ರಲ್ಲಿ ಮಿಶೆಲ್ ಸಿಫ್ರ್ ಎಂಬ ಫ್ರೆಂಚ್ ಯುವಕ ಗಡಿಯಾರವಿಲ್ಲದೆ ಆಲ್ಪ್ಸ್‌ನ ಒಂದು ಗುಹೆಯಲ್ಲಿ ಎರಡು ತಿಂಗಳು ಇದ್ದ. ಸೆಕೆಂಡಿಗೆ ಒಂದರಂತೆ 120ರವರೆಗೆ ಎಣಿಸು ಎಂದಾಗ ಅವನಿಗೆ ಐದು ನಿಮಿಷ ಹಿಡಿಯಿತು. ಹೊರಗೆ ಕರೆತಂದಿದ್ದು ಸೆಪ್ಟೆಂಬರ್ 14ರಂದು. ಅವನ ಲೆಕ್ಕದಲ್ಲಿ ಇನ್ನೂ ಆಗಸ್ಟ್ 20! ಆದರೂ ಅವನ ನಿದ್ದೆ ಎಚ್ಚರಗಳ ಚಕ್ರ ಸುಮಾರು ಇಪ್ಪತ್ತನಾಲ್ಕೂವರೆ ಗಂಟೆಗೆ ಒಂದರಂತೆ ನಡೆದಿತ್ತು. ಮನಸ್ಸು ತಪ್ಪಿದರೂ ಮೈ ತಪ್ಪಲಿಲ್ಲ. ಆ ಉಳಿದ ಅರ್ಧ ಗಂಟೆಯನ್ನು ದಿನಾ ತಿದ್ದುವುದು ಬೆಳಗಿನ ಬೆಳಕು. ಸೂರ್ಯನ ಮೋಹ ಬಿಡಿ ಅಂದಿರಿ. ನಿಮ್ಮ ದೇಹದ ಒಂದೊಂದು ಜೀವಕೋಶದಲ್ಲೂ ಅದು ಇದೆ. ಮೈಯೊಳಗಿನ ಆ ಗಡಿಯಾರವನ್ನು ನಡೆಸುವ ಜೀನ್‌ಗಳನ್ನು ಪತ್ತೆ ಮಾಡಿದ ಮೂವರಿಗೆ 2017ರಲ್ಲಿ ನೊಬೆಲ್ ಕೊಟ್ಟರು.

ನನ್ನ ನಿಜವಾದ ಸಿಟ್ಟು ಬೇರೆ ಕಡೆ ಇದೆ. ಗಡಿಯಾರವನ್ನು ಯಾರ ಅನುಕೂಲಕ್ಕೆ ತಿರುಗಿಸುತ್ತಾರೆ ಎಂದು ನೋಡಿ. ರೈಲು ಬರುವವರೆಗೆ ಪ್ರತಿ ಊರಿಗೂ ತನ್ನದೇ ಮಧ್ಯಾಹ್ನವಿತ್ತು. 1840ರ ನಂತರ ಬ್ರಿಟನ್ನಿನ ರೈಲುಗಳು ಒಂದೊಂದಾಗಿ ಲಂಡನ್ ಸಮಯಕ್ಕೆ ಓಡತೊಡಗಿದವು. ಲಂಡನ್ನಿಗಿಂತ ಹತ್ತು ನಿಮಿಷ ಹಿಂದಿದ್ದ ಬ್ರಿಸ್ಟಲ್ ನಗರ ತನ್ನ ಗಡಿಯಾರಕ್ಕೆ ನಿಮಿಷ ತೋರಿಸುವ ಮುಳ್ಳು ಎರಡು ಹಾಕಿಸಿಕೊಂಡಿತು, ಒಂದು ರೈಲಿಗೆ, ಒಂದು ಊರಿಗೆ. 1858ರಲ್ಲಿ ಡಾರ್ಚೆಸ್ಟರ್ ಕೋರ್ಟಿನಲ್ಲಿ ಪ್ರತಿವಾದಿ ಹತ್ತು ಗಂಟೆಗೆ ಬರಲಿಲ್ಲ ಎಂದು ತೀರ್ಪು ಹೇಳಿಬಿಟ್ಟರು. ಅವನು ಬಂದಾಗ ಊರಿನ ಸಮಯದಲ್ಲಿ ಇನ್ನೂ ಹತ್ತು ಆಗಿರಲಿಲ್ಲ. ಮೇಲಿನ ಕೋರ್ಟು ಊರಿನ ಸಮಯವನ್ನೇ ಎತ್ತಿಹಿಡಿಯಿತು. ಆ ಗೆಲುವು ಉಳಿದಿದ್ದು 1880ರವರೆಗೆ. ಆಮೇಲೆ ಕಾನೂನೇ ಬದಲಾಯಿತು. ಅದೇ ಕಾಲದ ಗಿರಣಿಗಳಲ್ಲಿ ಮಾಲೀಕರು ಬೆಳಿಗ್ಗೆ ಗಡಿಯಾರ ಮುಂದಿಟ್ಟು ಸಂಜೆ ಹಿಂದಿಡುತ್ತಿದ್ದರು, ಕೆಲಸಗಾರರು ತಮ್ಮ ಗಡಿಯಾರ ತರುವಂತಿರಲಿಲ್ಲ ಎನ್ನುವ ಸಾಕ್ಷಿಗಳಿವೆ. ಇಂದು ಫೋನು ಆ ಕೆಲಸ ಮಾಡುತ್ತಿದೆ. ನಡುರಾತ್ರಿ ಮೆಸೇಜು ಬಂದರೆ ನಡುರಾತ್ರಿಯೂ ಕೆಲಸದ ಹೊತ್ತೇ.

ಪ್ರತಿ ಸಲವೂ ಜನರೇ ಯಂತ್ರಕ್ಕೆ ಹೊಂದಿಕೊಂಡರು. ಈ ಸಲವೂ ಹಾಗೆಯೇ. ಸಾಫ್ಟ್‌ವೇರಿಗೆ 61ನೇ ಸೆಕೆಂಡ್ ಲೆಕ್ಕಕ್ಕೆ ಬರುವುದಿಲ್ಲ ಎಂದರೆ ಸಾಫ್ಟ್‌ವೇರನ್ನು ತಿದ್ದಬೇಕು. ಅದು ಆಗದ ಕೆಲಸವೇನೂ ಅಲ್ಲ. ಆ ಸೆಕೆಂಡನ್ನು ಚೂರು ಮಾಡಿ ಇಡೀ ದಿನಕ್ಕೆ ಹಂಚುವ ಉಪಾಯವನ್ನು ಗೂಗಲ್ ಹಲವು ವರ್ಷಗಳಿಂದ ಬಳಸುತ್ತಿದೆ. ನಿಮ್ಮಂಥ ಜಾಣರು ಮನಸ್ಸು ಮಾಡಿದರೆ ಇದಕ್ಕಿಂತ ಒಳ್ಳೆಯ ದಾರಿ ಹುಡುಕುತ್ತೀರಿ. ಅದನ್ನು ಬಿಟ್ಟು ಭೂಮಿಯನ್ನೇ ಲೆಕ್ಕದಿಂದ ತೆಗೆಯಿರಿ ಅನ್ನುತ್ತೀರಲ್ಲ.

ಸಾಮಾನ್ಯನಿಗೆ ಏನು ನಷ್ಟ? ಅಂತರ ಬೆಳೆಯುವುದು ನೂರು ವರ್ಷಕ್ಕೆ ಹೆಚ್ಚುಕಡಿಮೆ ಒಂದು ನಿಮಿಷ. ಅದರಿಂದ ಯಾರ ಊಟವೂ ತಪ್ಪುವುದಿಲ್ಲ. ಚೀನಾ ಅಷ್ಟು ಅಗಲವಿದ್ದರೂ ಇಡೀ ದೇಶಕ್ಕೆ ಬೀಜಿಂಗಿನ ಒಂದೇ ಸಮಯ ಇಟ್ಟುಕೊಂಡಿದೆ ಎಂದು ನೀವು ವಾದಿಸಬಹುದು. ನಿಜ. ಆದರೆ ಪಶ್ಚಿಮದ ಕಾಶ್ಗರಿನಲ್ಲಿ ಬಹಳ ಜನ ಇವತ್ತಿಗೂ ಎರಡು ಗಂಟೆ ಹಿಂದಿನ ತಮ್ಮದೇ ಸಮಯದಲ್ಲಿ ಬದುಕುತ್ತಾರೆ. ಆ ಎರಡು ಗಂಟೆ ಬೆಳೆಯುವುದಿಲ್ಲ, ಯಾವಾಗ ಬೇಕಾದರೂ ತಿದ್ದಬಹುದು. ಭೂಮಿಯೊಂದಿಗಿನ ಅಂತರಕ್ಕೆ ಕೊನೆಯಿಲ್ಲ, ಅದನ್ನು ನಾವು ಮೊಮ್ಮಕ್ಕಳ ಮೊಮ್ಮಕ್ಕಳ ತಲೆಗೆ ಕಟ್ಟುತ್ತಿದ್ದೇವೆ. ಇನ್ನೊಂದು ನಷ್ಟ ಈಗಲೇ ಆಗುತ್ತದೆ. ಲೀಪ್ ಸೆಕೆಂಡ್ ಬಂದಾಗಲೆಲ್ಲ ಪತ್ರಿಕೆಯಲ್ಲಿ ಒಂದು ಸುದ್ದಿ ಬರುತ್ತಿತ್ತು. ಮಕ್ಕಳು ಯಾಕೆ ಎಂದು ಕೇಳುತ್ತಿದ್ದರು. ಮೇಷ್ಟ್ರು ಚಂದ್ರ, ಉಬ್ಬರ, ಹಿಮ ಎಲ್ಲವನ್ನೂ ಹೇಳಬೇಕಾಗುತ್ತಿತ್ತು. ಭೂಮಿಯ ವೇಗ ಅಳೆಯುವ ಪ್ರಯೋಗಾಲಯಗಳು ಮುಂದೆಯೂ ಇರುತ್ತವೆ. ಆದರೆ ಆ ಅಳತೆ ಇನ್ನು ಅವರವರ ನಡುವಿನ ಮಾತು.

ನಿಮಗೊಂದು ಕೆಲಸ ಹೇಳುತ್ತೇನೆ, ಮಾಡಿಯೇ ಮಾಡುತ್ತೀರಿ ಎಂಬ ನಂಬಿಕೆಯಿಂದ. ಬಿಸಿಲು ಬೀಳುವ ಸಮತಟ್ಟು ಜಾಗದಲ್ಲಿ ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿ. ಫೆಬ್ರವರಿ 11ರ ಆಸುಪಾಸಿನಲ್ಲಿ ಅದರ ನೆರಳು ಅತಿ ಗಿಡ್ಡ ಆಗುವ ಹೊತ್ತನ್ನು ಫೋನಿನಲ್ಲಿ ನೋಡಿ ಬರೆದಿಡಿ. ನವೆಂಬರ್ 3ರ ಆಸುಪಾಸಿನಲ್ಲಿ ಅದೇ ಕೋಲು, ಅದೇ ಜಾಗ, ಮತ್ತೆ ನೋಡಿ. ಅರ್ಧ ಗಂಟೆ ವ್ಯತ್ಯಾಸ ಬರುತ್ತದೆ. ಫೋನು ಸರಿಯಾಗಿಯೇ ಇರುತ್ತದೆ, ಸೂರ್ಯನೂ ಸರಿಯಾಗಿಯೇ ಇರುತ್ತಾನೆ. ಯಾಕೆ ಹೀಗೆ ಎಂದು ಗೂಗಲ್ ಕೇಳದೆ ಒಂದು ವಾರ ತಲೆ ಕೆಡಿಸಿಕೊಳ್ಳಿ. ಭೂಮಿಯ ಓರೆ ಮತ್ತು ಅದು ಸೂರ್ಯನನ್ನು ಸುತ್ತುವ ದಾರಿಯ ಆಕಾರ, ಇವೆರಡರಲ್ಲಿ ಉತ್ತರವಿದೆ ಎಂಬ ಸುಳಿವು ಮಾತ್ರ ಕೊಡುತ್ತೇನೆ. ಎರಡೂ ಅಳತೆ ನಮಗೆ ಬರೆದು ಕಳಿಸಿ. ನಿಮ್ಮ ಹೆಸರಿನೊಂದಿಗೆ ಅಚ್ಚು ಹಾಕುತ್ತೇವೆ. ಆಗಲೂ ಭೂಮಿ ಕೆಟ್ಟ ಗಡಿಯಾರ ಅನಿಸಿದರೆ ಅದನ್ನೂ ಸೇರಿಸಿ ಬರೆಯಿರಿ, ಒಂದು ಸಾಲನ್ನೂ ಕತ್ತರಿಸುವುದಿಲ್ಲ.