ಚಪ್ಪಟೆ ಜಾಗದಲ್ಲಿ ಡಿಗ್ರಿ ಯಾಕೆ ಉದ್ದ?

ಪ್ರಶ್ನೆ: ಭೂಮಿ ಧ್ರುವಗಳಲ್ಲಿ ಚಪ್ಪಟೆ ಎಂದು ಓದಿದ್ದೇನೆ. ಹಾಗಿದ್ದರೆ ಅಲ್ಲಿ ಅಕ್ಷಾಂಶದ ಒಂದು ಡಿಗ್ರಿ ಗಿಡ್ಡ ಇರಬೇಕಲ್ವಾ? ಮಗಳ ಪುಸ್ತಕದಲ್ಲಿ ಉದ್ದ ಎಂದಿದೆ. ಅಚ್ಚಿನ ತಪ್ಪೇ?

ಉತ್ತರ: ತಪ್ಪಲ್ಲ, ಪುಸ್ತಕ ಸರಿಯಾಗಿಯೇ ಇದೆ. ಆದರೆ ನಿಮ್ಮ ಪ್ರಶ್ನೆ ತುಂಬಾ ಒಳ್ಳೆಯದು. ಸರ್ವೆ ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನನ್ನೂ ಇದು ಬಹಳ ದಿನ ಕಾಡಿತ್ತು. ಧ್ರುವ ಭೂಮಿಯ ಕೇಂದ್ರಕ್ಕೆ ಹತ್ತಿರ, ಆದ್ದರಿಂದ ಡಿಗ್ರಿಯೂ ಚಿಕ್ಕದು ಎಂದೇ ನಾನೂ ಲೆಕ್ಕ ಹಾಕಿದ್ದೆ.

ಗೊಂದಲ ಹುಟ್ಟುವುದೇ ಆ ಕೇಂದ್ರದಿಂದ. ಅಕ್ಷಾಂಶವನ್ನು ನಾವು ಕೇಂದ್ರದಲ್ಲಿ ಕೂತು ಅಳೆಯುವುದಿಲ್ಲ, ನೆಲದ ಮೇಲೆ ನಿಂತು ಅಳೆಯುತ್ತೇವೆ. ಕೋನ ಅಳೆಯುವ ದುರ್ಬೀನು, ಅಂದರೆ ಥಿಯೋಡೊಲೈಟ್ ನಿಲ್ಲಿಸಿ, ಕೆಳಗೆ ದಾರಕ್ಕೆ ತೂಕದ ಗುಂಡು ಕಟ್ಟಿ ಇಳಿಬಿಟ್ಟು, ಮಟ್ಟ ಸರಿಮಾಡಿ, ಆಮೇಲೆ ನಕ್ಷತ್ರ ಎಷ್ಟು ಎತ್ತರದಲ್ಲಿದೆ ಎಂದು ನೋಡುತ್ತೇವೆ. ಉತ್ತರಕ್ಕೆ ನಡೆಯುತ್ತಾ ಹೋದರೆ ಧ್ರುವ ನಕ್ಷತ್ರ ಮೇಲೇರುತ್ತದೆ. ಅದು ಒಂದು ಡಿಗ್ರಿ ಏರುವಷ್ಟರಲ್ಲಿ ನಡೆದ ದೂರವೇ ಅಕ್ಷಾಂಶದ ಒಂದು ಡಿಗ್ರಿ.

ಈಗ ಒಂದು ಬಳೆ, ಒಂದು ಸೈಕಲ್ ಚಕ್ರ ನೆನೆಸಿಕೊಳ್ಳಿ. ಬಳೆಯ ಮೇಲೆ ಇರುವೆ ಸ್ವಲ್ಪ ನಡೆದರೂ ಅದರ ಮುಖ ಬೇಗ ಬೇರೆ ಕಡೆ ತಿರುಗುತ್ತದೆ. ಚಕ್ರದ ಮೇಲೆ ಅಷ್ಟೇ ತಿರುಗಲು ಜಾಸ್ತಿ ನಡೆಯಬೇಕು. ಚಪ್ಪಟೆ ಎಂದರೆ ಬಾಗು ಕಡಿಮೆ. ಧ್ರುವದ ಬಳಿ ನೆಲ ಸುಮಾರು 6,400 ಕಿಲೋಮೀಟರ್ ತ್ರಿಜ್ಯದ ವೃತ್ತದಂತೆ ಬಾಗಿದೆ. ಸಮಭಾಜಕದ ಬಳಿ ಉತ್ತರ-ದಕ್ಷಿಣ ದಿಕ್ಕಿನಲ್ಲಿ ಅದೇ ತ್ರಿಜ್ಯ ಸುಮಾರು 6,335 ಮಾತ್ರ. ಹಾಗಾಗಿ ಒಂದು ಡಿಗ್ರಿ ಸಮಭಾಜಕದಲ್ಲಿ 110.6 ಕಿಲೋಮೀಟರ್, ಧ್ರುವದಲ್ಲಿ 111.7.

ಈ ಒಂದು ಕಿಲೋಮೀಟರಿನ ವ್ಯತ್ಯಾಸಕ್ಕಾಗಿ ಜನ ಎಷ್ಟು ಕಷ್ಟಪಟ್ಟರು ಗೊತ್ತಾ! ಭೂಮಿ ನಡುವಿನಲ್ಲಿ ಉಬ್ಬಿದೆ ಎಂದು ನ್ಯೂಟನ್ ಹೇಳಿದ್ದರು. ಪ್ಯಾರಿಸ್‌ನ ಖಗೋಳ ವಿಜ್ಞಾನಿಗಳಾದ ಕಸೀನಿ ಮನೆತನದವರು ತಮ್ಮ ಅಳತೆ ನೋಡಿ, ಇಲ್ಲ, ಭೂಮಿ ಧ್ರುವಗಳ ಕಡೆಗೆ ಚಾಚಿಕೊಂಡಿದೆ ಎಂದರು. ಜಗಳ ಬಗೆಹರಿಸಲು ಫ್ರೆಂಚ್ ವಿಜ್ಞಾನ ಅಕಾಡೆಮಿ 1735ರಲ್ಲಿ ಒಂದು ತಂಡವನ್ನು ದಕ್ಷಿಣ ಅಮೆರಿಕದ ಸಮಭಾಜಕ ಪ್ರದೇಶಕ್ಕೂ, ಮರುವರ್ಷ ಇನ್ನೊಂದನ್ನು ಯುರೋಪಿನ ಉತ್ತರ ತುದಿಯ ಲ್ಯಾಪ್‌ಲ್ಯಾಂಡಿಗೂ ಕಳಿಸಿತು. ಲ್ಯಾಪ್‌ಲ್ಯಾಂಡ್ ತಂಡದ ಮುಖ್ಯಸ್ಥ ಮೊಪೆರ್ಟುಯಿ. ಜೊತೆಗೆ ತಾಪಮಾನದ ಅಳತೆಯಿಂದ ನಮಗೆಲ್ಲ ಗೊತ್ತಿರುವ ಸೆಲ್ಸಿಯಸ್. ಇಂಥ ಉದ್ದದ ದೂರವನ್ನು ಕೋನಗಳಿಂದ ಲೆಕ್ಕ ಹಾಕುವ ತ್ರಿಕೋನಗಳ ಸರಪಳಿ ಕಟ್ಟಲು ಮೊದಲು ಒಂದು ಗೆರೆಯನ್ನಾದರೂ ನೆಲದ ಮೇಲೇ ಅಳೆಯಬೇಕು. ಅವರು ಆ ಗೆರೆಯನ್ನು ಡಿಸೆಂಬರ್ ಚಳಿಯಲ್ಲಿ, ಹೆಪ್ಪುಗಟ್ಟಿದ ಟೊರ್ನಿಯೊ ನದಿಯ ಮೇಲೆ, ಮರದ ಕೋಲುಗಳನ್ನು ಒಂದರ ಮುಂದೊಂದು ಇಟ್ಟು ಅಳೆದರು. ನಾನು ಬಿಸಿಲಲ್ಲಿ ಟೇಪ್ ಹಿಡಿದು ನಿಂತವನು. ಒಂದು ಕೋಲು ಸ್ವಲ್ಪ ಜರುಗಿದರೂ ದಿನದ ಕೆಲಸ ಕೆಡುತ್ತದೆ ಎಂದು ಬಲ್ಲೆ. ಆ ಮಂಜುಗಡ್ಡೆಯ ಮೇಲಿನ ಕೈಗಳನ್ನು ನೆನೆದರೆ ಈಗಲೂ ಗೌರವ ಉಕ್ಕುತ್ತದೆ.

ಅಲ್ಲಿನ ಡಿಗ್ರಿ ಪ್ಯಾರಿಸ್‌ನದಕ್ಕಿಂತ ಉದ್ದ ಬಂತು. ಅವರ ಅಂಕಿ ಸ್ವಲ್ಪ ಅತಿಯಾಗಿತ್ತು ಎಂದು 1801-03ರ ಮರು ಅಳತೆಯಲ್ಲಿ ತಿಳಿಯಿತು. ಆದರೂ ತೀರ್ಮಾನ ಸರಿಯೇ. ದಕ್ಷಿಣ ಅಮೆರಿಕದ ತಂಡದ ಫಲಿತಾಂಶವೂ ನ್ಯೂಟನ್ ಪರವಾಗಿಯೇ ಬಂತು.

ಪ್ರಶ್ನೆ: ಗೋಡೆ ನಕ್ಷೆಯಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟು ದೊಡ್ಡದು ಕಾಣುತ್ತದೆ. ನಿಜವೇ?

ಉತ್ತರ: ಇಲ್ಲ. ಆಫ್ರಿಕಾ ಅದರ ಸುಮಾರು 14 ಪಟ್ಟು ದೊಡ್ಡದು. ನಿಮ್ಮದು ನಕ್ಷೆಗಾರ ಮರ್ಕೇಟರ್ 1569ರಲ್ಲಿ ತೋರಿಸಿಕೊಟ್ಟ ಕ್ರಮದ ನಕ್ಷೆ ಇರಬೇಕು. ಅದು ನಾವಿಕರಿಗಾಗಿ ಮಾಡಿದ್ದು. ಅದರ ಮೇಲೆ ನೇರ ಗೆರೆ ಎಳೆದರೆ, ದಿಕ್ಸೂಚಿಯ ಒಂದೇ ದಿಕ್ಕು ಹಿಡಿದು ಹಡಗು ನಡೆಸಬಹುದು. ಅದಕ್ಕಾಗಿ ಅಳತೆಯನ್ನು ಧ್ರುವದ ಕಡೆಗೆ ಹಿಗ್ಗಿಸಬೇಕಾಯಿತು. 60 ಡಿಗ್ರಿ ಅಕ್ಷಾಂಶದಲ್ಲಿ ಉದ್ದ ಎರಡು ಪಟ್ಟು, ವಿಸ್ತೀರ್ಣ ನಾಲ್ಕು ಪಟ್ಟು. ದೇಶಗಳ ಗಾತ್ರ ಹೋಲಿಸಬೇಕಾದಾಗ ಗೋಡೆ ಬಿಟ್ಟು ಗ್ಲೋಬ್ ತಿರುಗಿಸಿ ನೋಡಿ.