ಮನೆಗೆ ಊಟಕ್ಕೆ ಕರೆಯಲು ಎಂಥ ತಟ್ಟೆ, ಲೋಟ ಕೊಳ್ಳಬೇಕು?

ಮೈಸೂರಿನಲ್ಲಿ ಹೊಸದಾಗಿ ಮನೆ ಮಾಡಿದ್ದೇವೆ, ಆಗಾಗ 8-10 ಜನರನ್ನು ಊಟಕ್ಕೆ ಕರೆಯುವ ಆಸೆ ಎಂದು ಕೇಳಿದ್ದೀರಿ. ಸುಮ್ನೆ ದೊಡ್ಡ ಡಿನ್ನರ್ ಸೆಟ್ ತರಬೇಡಿ. ಎರಡು ತಟ್ಟೆ ಒಡೆದರೆ ಅದೇ ಡಿಸೈನ್ ಮತ್ತೆ ಸಿಗುವುದು ಕಷ್ಟ. ಅಚ್ಚ ಬಿಳಿ ತಟ್ಟೆಗಳನ್ನು ಬಿಡಿಯಾಗಿ ಕೊಳ್ಳಿ. ಈಗ ಆರು, ಮುಂದಿನ ಹಬ್ಬಕ್ಕೆ ಇನ್ನಾರು. ಅಂಚು ಸ್ವಲ್ಪ ಎತ್ತರ ಇರಲಿ. ನಮ್ಮ ಊಟದಲ್ಲಿ ಸಾರು ಹರಿಯುತ್ತದೆ, ಅಲ್ವಾ? ಚಪ್ಪಟೆ ತಟ್ಟೆ ಫೋಟೋಗಷ್ಟೇ ಚೆಂದ.

ಅಜ್ಜಿ ಕಾಲದ ಹಿತ್ತಾಳೆ ಪಾತ್ರೆಗಳಿದ್ದರೆ ಬಡಿಸಲು ಹೊರಗೆ ತೆಗೆಯಿರಿ, ಅದರ ಕಳೆಯೇ ಬೇರೆ. ಆದರೆ ಒಳಗೆ ಕಲಾಯಿ, ಅಂದರೆ ತವರದ ಲೇಪ, ಇರಲೇಬೇಕು. ಕಲಾಯಿ ಹೋಗಿದ್ದರೆ ಹುಣಸೆ, ಮೊಸರು, ನಿಂಬೆಯ ಹುಳಿಗೆ ಲೋಹ ಬಿಟ್ಟುಕೊಂಡು ಅಡುಗೆ ಕಿಲುಬು ಹಿಡಿಯುತ್ತದೆ. ನಾನೊಮ್ಮೆ ಇದನ್ನು ನೋಡದೆ ಮೊಸರನ್ನ ಕಲಸಿಟ್ಟು, ನೆಂಟರು ಬರುವ ಹೊತ್ತಿಗೆ ಅಷ್ಟನ್ನೂ ಚೆಲ್ಲಬೇಕಾಯಿತು.

ಜನ ಹದಿನೈದು ದಾಟಿದರೆ ತಟ್ಟೆಯ ಯೋಚನೆಯೇ ಬೇಡ. ದೇವರಾಜ ಮಾರುಕಟ್ಟೆಯಿಂದ ಬಾಳೆಲೆ ತನ್ನಿ. ಎಲೆಯ ತುದಿ ಉಣ್ಣುವವರ ಎಡಕ್ಕೆ ಬರುವಂತೆ ಹಾಸಿ. ಲೋಟ ಮಾತ್ರ ಜಾಸ್ತಿಯೇ ಇರಲಿ: ನೀರಿಗೆ, ಮಜ್ಜಿಗೆಗೆ, ಊಟ ಮುಗಿದ ಮೇಲೆ ಹರಟೆಯ ಜೊತೆ ಕಾಫಿಗೆ.